ಬೋರು, ಕೆರೆ, ಕರೆಂಟು: ಅಂತರ್ಜಲಕ್ಕೆ ಯಾವ ಕಚೇರಿ ಏನು ಮಾಡುತ್ತದೆ?

ಹಾನಗಲ್ ತಾಲ್ಲೂಕಿನ ಒಂದು ಅಡಿಕೆ ತೋಟಕ್ಕೆ ಹೊಸ ಬೋರು ಕೊರೆಸುತ್ತಾರೆ ಎಂದಿಟ್ಟುಕೊಳ್ಳಿ. ಬೋರಿನ ಲಾರಿ ನೋಂದಣಿಯಾಗಿರಬೇಕಾದದ್ದು ಅಂತರ್ಜಲ ಪ್ರಾಧಿಕಾರದಲ್ಲಿ. ಮೋಟಾರಿಗೆ ಕರೆಂಟು ಕೊಡುವುದು ಹೆಸ್ಕಾಂ. ಹನಿ ನೀರಾವರಿಯ ಸಹಾಯಧನ ತೋಟಗಾರಿಕೆ ಇಲಾಖೆಯದು. ತೋಟದ ಮೇಲ್ಬದಿಯ ಕೆರೆ ಸಣ್ಣ ನೀರಾವರಿ ಇಲಾಖೆಯದ್ದೋ ಪಂಚಾಯಿತಿಯದ್ದೋ ಆಗಿರುತ್ತದೆ. ಕೆಳಗೆ, ಊರಿಗೆ ಕುಡಿಯುವ ನೀರು ಕೊಡುವ ಬೋರು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಯೋಜನೆಯದು. ಇವರೆಲ್ಲರ ಕಡತ ಬೇರೆ, ಅನುದಾನ ಬೇರೆ, ವರ್ಷದ ಗುರಿ ಬೇರೆ. ಬಂಡೆಯ ಬಿರುಕಿನಲ್ಲಿರುವ ನೀರು ಮಾತ್ರ ಒಂದೇ.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ರೈತರು ಬೋರಿಗಾಗಿ ಸಾಲ ಮಾಡುವ ಮುನ್ನ, ಪಂಚಾಯಿತಿ ಸದಸ್ಯರು ಹೊಸ ಕ್ರಿಯಾಯೋಜನೆಗೆ ಕೈ ಎತ್ತುವ ಮುನ್ನ, ಈ ಕಚೇರಿಗಳಲ್ಲಿ ಯಾರ ಕೈಯಲ್ಲಿ ಏನಿದೆ ಎಂದು ತಿಳಿದಿರಬೇಕು. ಅದಕ್ಕೂ ಮೊದಲು ನೆಲದ ಲೆಕ್ಕ ತಿಳಿದಿರಬೇಕು. ಲೆಕ್ಕವೇ ಗೊತ್ತಿಲ್ಲದವರ ಅರ್ಜಿಗೆ ಯಾವ ಕಚೇರಿಯಲ್ಲೂ ತೂಕವಿರುವುದಿಲ್ಲ.

ನೆಲದಡಿಯ ಲೆಕ್ಕ

ಹಾವೇರಿ ಜಿಲ್ಲೆಯ ಕೆಳಗಿರುವುದು ಗಟ್ಟಿ ಶಿಲೆ. ಗಂಗಾ ಬಯಲಿನಂತೆ ನೂರಾರು ಅಡಿ ಆಳದ ಮರಳು ಪದರ ಇಲ್ಲಿಲ್ಲ. ಮೇಲೆ ಶಿಥಿಲಗೊಂಡ ಕಲ್ಲಿನ ಪದರ, ಅದರ ಕೆಳಗೆ ಅಲ್ಲೊಂದು ಇಲ್ಲೊಂದು ಬಿರುಕು: ನೀರು ನಿಲ್ಲುವುದು ಇಷ್ಟರಲ್ಲೇ. ಇಂಥ ಶಿಲೆಯಲ್ಲಿ ನಮ್ಮ ಕೈಗೆ ಸಿಗುವಂತೆ ನಿಲ್ಲುವ ನೀರು ಶಿಲೆಯ ಗಾತ್ರದ ಶೇ 1.5ರ ಆಸುಪಾಸು ಎಂದು ಅಂತರ್ಜಲ ಮೌಲ್ಯಮಾಪನದವರು ಲೆಕ್ಕ ಹಿಡಿಯುತ್ತಾರೆ. ಹಾಗಾದರೆ ಒಂದು ಎಕರೆಯಡಿ ನೀರಿನ ಮಟ್ಟ ಒಂದು ಮೀಟರ್ ಇಳಿದರೆ ಸಿಗುವ ನೀರು ಸುಮಾರು 60,000 ಲೀಟರ್ ಮಾತ್ರ.

ಇದನ್ನು ತೋಟದ ಪಕ್ಕ ಇಟ್ಟು ನೋಡಿ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಅಡಿಕೆ ಗಿಡ ಬರುತ್ತವೆ. ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲೂ ಮರಕ್ಕೆ ದಿನಕ್ಕೆ 15ರಿಂದ 20 ಲೀಟರ್ ಬೇಕು. 20 ಲೀಟರ್ ಎಂದರೆ ದಿನಕ್ಕೆ 11,000 ಲೀಟರ್. ಒಂದು ಮೀಟರ್ ಇಳಿದಾಗ ಆ ಎಕರೆ ಕೊಟ್ಟ ನೀರು ಆರು ದಿನಕ್ಕೂ ಸಾಲದು. ಆರು ತಿಂಗಳ ಒಣಗಾಲಕ್ಕೆ ಒಂದು ಎಕರೆ ತೋಟ ಕುಡಿಯುವುದು ಸುಮಾರು 20 ಲಕ್ಷ ಲೀಟರ್.

ಇನ್ನು ಜಮೆಯ ಕಡೆ. ಗಟ್ಟಿ ಶಿಲೆಯ ನಾಡಿನಲ್ಲಿ ಬಿದ್ದ ಮಳೆಯಲ್ಲಿ ತಾನಾಗಿ ಅಂತರ್ಜಲಕ್ಕೆ ಸೇರುವುದು ಹತ್ತರಲ್ಲೊಂದು ಪಾಲಿನ ಆಸುಪಾಸು. ಎರೆ ನೆಲದಲ್ಲಿ ಅದಕ್ಕಿಂತ ಕಡಿಮೆ. 600 ಮಿಲಿಮೀಟರ್ ಮಳೆ ಬಿದ್ದು 60 ಮಿಲಿಮೀಟರ್ ಇಂಗಿತು ಎನ್ನೋಣ. ಎಕರೆಗೆ ಸುಮಾರು 2.4 ಲಕ್ಷ ಲೀಟರ್ ಆಯಿತು. ಒಂದು ಎಕರೆ ಅಡಿಕೆ ಬೇಸಿಗೆಯಲ್ಲಿ ಕುಡಿಯುವ ನೀರು ಎಂಟು ಎಕರೆ ನೆಲ ವರ್ಷಪೂರ್ತಿ ಇಂಗಿಸಿಕೊಂಡ ನೀರಿಗೆ ಸಮ. ಸುತ್ತಲಿನ ಆ ಎಂಟು ಎಕರೆಯಲ್ಲಿ ಮೆಕ್ಕೆಜೋಳ, ಹತ್ತಿ, ಸೋಯಾ ಮಳೆಯ ನೀರಿನಲ್ಲೇ ಬೆಳೆಯುತ್ತಿದ್ದರೆ ಲೆಕ್ಕ ಕೂಡುತ್ತದೆ. ಎಂಟಕ್ಕೆ ಎಂಟೂ ತೋಟವಾದರೆ ಯಾವ ಇಲಾಖೆಯ ಯಾವ ಯೋಜನೆಯೂ ಆ ಊರಿನ ಬೋರುಗಳನ್ನು ಉಳಿಸಲಾರದು. ಹಾನಗಲ್ಲಿನ ಭತ್ತದ ಗದ್ದೆಗಳಲ್ಲಿ, ಹಿರೇಕೆರೂರಿನ ಮಸಾರಿಯಲ್ಲಿ ಅಡಿಕೆ ಏರುತ್ತಿರುವ ಈ ಹೊತ್ತಿನಲ್ಲಿ ಪ್ರತಿ ಊರೂ ತನ್ನ ಹೊಲಗಳಿಗೆ ಈ ಲೆಕ್ಕ ಹಾಕಿಕೊಳ್ಳಬೇಕು.

ಅಳೆಯುವವರು ಯಾರು?

ನೀರಿನ ಮಟ್ಟ ಅಳೆಯುವುದು ಎರಡು ಸಂಸ್ಥೆಗಳು. ರಾಜ್ಯದ ಅಂತರ್ಜಲ ನಿರ್ದೇಶನಾಲಯ ಆಯ್ದ ಬಾವಿ, ಬೋರುಗಳ ಮಟ್ಟವನ್ನು ತಿಂಗಳು ತಿಂಗಳೂ ದಾಖಲಿಸುತ್ತದೆ. ಹಿಂದೆ ಇದು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಭಾಗವಾಗಿತ್ತು, ಈಗ ಸಣ್ಣ ನೀರಾವರಿ ಮತ್ತು ಅಂತರ್ಜಲ ಅಭಿವೃದ್ಧಿ ಇಲಾಖೆಯ ಕೆಳಗಿದೆ. ಜಿಲ್ಲೆಯಲ್ಲಿ ಇದರ ಕೆಲಸ ನೋಡುವವರು ಹಿರಿಯ ಭೂವಿಜ್ಞಾನಿ. ಕೇಂದ್ರ ಅಂತರ್ಜಲ ಮಂಡಳಿ ತನ್ನದೇ ಬಾವಿಗಳನ್ನು ವರ್ಷಕ್ಕೆ ನಾಲ್ಕು ಬಾರಿ ನೋಡುತ್ತದೆ. ಮಳೆಯ ಲೆಕ್ಕಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ.

ರಾಜ್ಯ ಮತ್ತು ಕೇಂದ್ರದ ಈ ಎರಡು ಸಂಸ್ಥೆಗಳು ಕೂಡಿ ಈಗ ಪ್ರತಿ ವರ್ಷ ತಾಲ್ಲೂಕುವಾರು ಮೌಲ್ಯಮಾಪನ ಮಾಡುತ್ತವೆ. ವರ್ಷಕ್ಕೆ ತೆಗೆಯಬಹುದಾದ ನೀರಿನಲ್ಲಿ ಶೇ 70ರೊಳಗೆ ತೆಗೆದಿದ್ದರೆ ಆ ತಾಲ್ಲೂಕು ಸುರಕ್ಷಿತ. 70 ದಾಟಿ 90ರವರೆಗೆ ಅರೆ ಕ್ಲಿಷ್ಟಕರ, 100ರವರೆಗೆ ಕ್ಲಿಷ್ಟಕರ, 100 ಮೀರಿದರೆ ಅತಿ ಬಳಕೆ. ನಿಮ್ಮ ತಾಲ್ಲೂಕು ಯಾವ ಗುಂಪಿನಲ್ಲಿದೆ ಎಂದು ಜಿಲ್ಲಾ ಅಂತರ್ಜಲ ಕಚೇರಿಯಲ್ಲಿ ಕೇಳಬಹುದು. ಆದರೆ ತಾಲ್ಲೂಕು 'ಸುರಕ್ಷಿತ' ಎಂದ ಮಾತ್ರಕ್ಕೆ ನಿಮ್ಮ ಹೊಲ ಸುರಕ್ಷಿತ ಎಂದು ತಿಳಿಯಬೇಡಿ. ಹಾನಗಲ್ಲಿನ ಪಶ್ಚಿಮದ ಅರೆ ಮಲೆನಾಡಿಗೂ ಪೂರ್ವದ ಬಯಲಿಗೂ ಮಳೆಯಲ್ಲಿ ಬಹಳ ವ್ಯತ್ಯಾಸವಿದೆ. ತಾಲ್ಲೂಕಿನ ಸರಾಸರಿಯಲ್ಲಿ ಎರಡೂ ಕಲೆತು ಹೋಗುತ್ತವೆ. ಹತ್ತಿರದ ವೀಕ್ಷಣಾ ಬಾವಿ ಯಾವ ಊರಿನದು, ಕಳೆದ ಹತ್ತು ವರ್ಷಗಳ ಮೇ ತಿಂಗಳ ಮಟ್ಟ ಎಷ್ಟು ಎಂದು ಕೇಳಿ. ಅದು ಸಾರ್ವಜನಿಕ ಮಾಹಿತಿ. ಬಾಯಿಮಾತಿಗೆ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ ಸಿಗಬೇಕು.

ಬೋರು ಕೊರೆಸುವ ಮುನ್ನ

2011ರ ಕರ್ನಾಟಕ ಅಂತರ್ಜಲ ಕಾಯ್ದೆ ಮತ್ತು 2012ರ ನಿಯಮಗಳು ಈ ವಿಷಯದ ಮುಖ್ಯ ಕಾನೂನು. ರಾಜ್ಯ ಮಟ್ಟದಲ್ಲಿ ಅಂತರ್ಜಲ ಪ್ರಾಧಿಕಾರ, ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ಅಂತರ್ಜಲ ಸಮಿತಿ ಇದನ್ನು ನಡೆಸುತ್ತವೆ. ಸರ್ಕಾರ ಅಧಿಸೂಚಿಸಿದ ಪ್ರದೇಶದಲ್ಲಿ ಹೊಸ ಬೋರಿಗೆ ಮೊದಲೇ ಅನುಮತಿ ಬೇಕು, ಹಳೆಯ ಬೋರಿನವರೂ ನೋಂದಾಯಿಸಿಕೊಳ್ಳಬೇಕು. ನಿಮ್ಮ ತಾಲ್ಲೂಕು ಅಧಿಸೂಚನೆಯಲ್ಲಿದೆಯೇ ಎಂಬುದನ್ನು ಬೋರಿನ ಲಾರಿಯವರ ಮಾತಿನ ಮೇಲೆ ನಂಬಬೇಡಿ, ಜಿಲ್ಲಾ ಅಂತರ್ಜಲ ಕಚೇರಿಯಲ್ಲೇ ವಿಚಾರಿಸಿ. ಬೋರು ಕೊರೆಯುವ ಯಂತ್ರ ನೋಂದಾಯಿತವಾಗಿರಬೇಕು. ನೋಂದಣಿ ಪತ್ರ ತೋರಿಸಿ ಎಂದು ಕೇಳುವುದು ನಿಮ್ಮ ಹಕ್ಕು.

ಪಾಯಿಂಟ್ ನೋಡುವ ವಿಷಯದಲ್ಲಿ ಒಂದು ಮಾತು. ತೆಂಗಿನಕಾಯಿ ಹಿಡಿದು, ಕವಲು ಕಡ್ಡಿ ಹಿಡಿದು ನೀರು ತೋರಿಸುವವರಿಗೆ ಕೊಡುವ ಹಣವನ್ನು ವೈಜ್ಞಾನಿಕ ಸಮೀಕ್ಷೆಗೆ ಕೊಡಿ. ನೆಲದೊಳಕ್ಕೆ ವಿದ್ಯುತ್ ಹಾಯಿಸಿ ಶಿಲೆಯ ಪ್ರತಿರೋಧ ಅಳೆಯುವ ವಿಧಾನವೂ ನೂರಕ್ಕೆ ನೂರು ಖಾತ್ರಿ ಕೊಡುವುದಿಲ್ಲ. ಆದರೆ ಯಾವ ಆಳದ ಕೆಳಗೆ ಗಟ್ಟಿ ಬಂಡೆ ಬಿಟ್ಟರೆ ಬೇರೇನಿಲ್ಲ ಎಂಬುದನ್ನು ಅಂದಾಜಿಸಿಕೊಡುತ್ತದೆ. ಎಲ್ಲಿ ನಿಲ್ಲಿಸಬೇಕು ಎಂದು ಗೊತ್ತಾದರೆ ಅಷ್ಟೂ ಅಡಿಯ ಹಣ ಉಳಿಯಿತು. ಒಂದು ಬೋರು ಬಿದ್ದುಹೋದ ಸಿಟ್ಟಿನಲ್ಲಿ ಅದೇ ವಾರ ಪಕ್ಕದಲ್ಲೇ ಇನ್ನೊಂದು ಕೊರೆಸುವುದು ನಮ್ಮಲ್ಲಿ ಸಂಸಾರಗಳನ್ನು ಮುಳುಗಿಸಿದೆ.

ಸುರಕ್ಷತೆಯ ವಿಷಯದಲ್ಲಿ ರಿಯಾಯಿತಿಯೇ ಇರಬಾರದು. 2010ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿ ಸ್ಪಷ್ಟವಾಗಿದೆ: ಕೊರೆಸುವ 15 ದಿನ ಮುಂಚೆ ಸ್ಥಳೀಯ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು, ಕೆಲಸದ ಜಾಗದಲ್ಲಿ ಮಾಲೀಕರ ಮತ್ತು ಕೊರೆಯುವವರ ವಿಳಾಸವಿರುವ ಫಲಕ ಹಾಕಬೇಕು, ಸುತ್ತ ಬೇಲಿ ಇರಬೇಕು, ಕೇಸಿಂಗ್ ಸುತ್ತ ಸಿಮೆಂಟ್ ಕಟ್ಟೆ ಕಟ್ಟಿ ಬಾಯಿಗೆ ಭದ್ರವಾದ ಮುಚ್ಚಳ ಹಾಕಬೇಕು, ನೀರು ಬಾರದ ಬೋರನ್ನು ಮಣ್ಣು, ಮರಳು, ಕಲ್ಲಿನಿಂದ ತಳದಿಂದ ನೆಲಮಟ್ಟದವರೆಗೆ ತುಂಬಬೇಕು. 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ತೆರೆದ ಬೋರಿಗೆ ಬಿದ್ದ ಮಗು ಬದುಕಲಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಕೂಸನ್ನು ಜೀವಂತ ಮೇಲೆತ್ತಿದ್ದು ಪುಣ್ಯ. ಬೋರು ಮುಚ್ಚದೆ ಬಿಟ್ಟವರಿಗೆ ಜೈಲು ಮತ್ತು ದಂಡ ವಿಧಿಸಲೆಂದು ರಾಜ್ಯ 2011ರ ಕಾಯ್ದೆಗೆ ತಿದ್ದುಪಡಿ ತಂದಿದೆ. ಕೇಸಿಂಗ್ ಪೈಪ್ ಕಿತ್ತು ಮಾರಿ ಬಾಯಿ ಹಾಗೇ ಬಿಡುವುದು ಅಪರಾಧವೆಂದು ಪ್ರತಿ ಮನೆಯಲ್ಲೂ ಗೊತ್ತಿರಲಿ. ನಿಮ್ಮೂರಿನಲ್ಲಿ ಇಂಥದ್ದು ಕಂಡರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಅಂದೇ ಲಿಖಿತ ದೂರು ಕೊಡಿ.

ಕುಡಿಯುವ ನೀರು ಮೊದಲು

ಪಂಚಾಯಿತಿಯ ಬೋರಿನ ಹತ್ತಿರವೇ ಯಾರೋ ಹೊಸದು ಕೊರೆಸಿ, ಊರಿನ ನಳ ನಿಂತುಹೋಗುವುದು ಬೇಸಿಗೆಯ ಸಾಮಾನ್ಯ ಜಗಳ. ಇದಕ್ಕೆ ಕಾನೂನಿದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಕುಡಿಯುವ ನೀರಿನ ಮೂಲಗಳ ರಕ್ಷಣೆಗೆಂದೇ ಇರುವ 1999ರ ಕರ್ನಾಟಕ ಅಂತರ್ಜಲ ಕಾಯ್ದೆಯಂತೆ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ. ಒಂದು ಪ್ರದೇಶವನ್ನು ನೀರಿನ ಅಭಾವ ಪ್ರದೇಶವೆಂದು ಘೋಷಿಸಿ, ಊರಿನ ಮೂಲಕ್ಕೆ ತೊಂದರೆ ಕೊಡುವ ಪಂಪುಗಳನ್ನು ನಿಯಂತ್ರಿಸುವ ಅಧಿಕಾರವನ್ನೂ ಈ ಕಾಯ್ದೆ ಕೊಟ್ಟಿದೆ.

ಇದನ್ನು ಜಗಳವಾದ ಮೇಲೆ ಹಿಡಿದು ಹೊರಡುವುದಕ್ಕಿಂತ ಮುಂಚೆಯೇ ಬಳಸುವುದು ಒಳ್ಳೆಯದು. ಪಂಚಾಯಿತಿಯು ತನ್ನ ಪ್ರತಿ ಕುಡಿಯುವ ನೀರಿನ ಬೋರಿನ ಸುತ್ತ 500 ಮೀಟರ್ ಗೆರೆ ಎಳೆದ ನಕ್ಷೆ ಮಾಡಿಸಿ ಗೋಡೆಗೆ ಹಾಕಬೇಕು, ಒಂದು ಪ್ರತಿ ಹೆಸ್ಕಾಂ ಶಾಖಾ ಕಚೇರಿಗೆ, ಒಂದು ತಹಶೀಲ್ದಾರರಿಗೆ ಕಳಿಸಬೇಕು. ಆ ಗೆರೆಯೊಳಗೆ ಪಂಪ್‌ಸೆಟ್ ಸಂಪರ್ಕಕ್ಕೆ ಅರ್ಜಿ ಬಂದಾಗ ಕರೆಂಟಿನವರಿಗೂ ಗೊತ್ತಾಗುತ್ತದೆ. ಇಲಾಖೆಗಳ ಸಮನ್ವಯ ಎಂದು ಸಭೆಗಳಲ್ಲಿ ಕೇಳುವ ಮಾತು ಹಳ್ಳಿಯ ಮಟ್ಟದಲ್ಲಿ ಇಂಥ ಒಂದು ಹಾಳೆಯಿಂದ ಶುರುವಾಗಬೇಕು.

ನೀರು ಸಿಕ್ಕರೆ ಸಾಲದು, ಕುಡಿಯಲು ಯೋಗ್ಯವೂ ಆಗಿರಬೇಕು. ಭಾರತೀಯ ಮಾನದಂಡದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ನಡೆದೀತು. ನೈಟ್ರೇಟ್ 45 ಮೀರಬಾರದು. ಯೂರಿಯಾ ಹೆಚ್ಚು ಸುರಿಯುವ ಹೊಲಗಳ ನಡುವಿನ, ತಿಪ್ಪೆ ಮತ್ತು ಚರಂಡಿ ಪಕ್ಕದ ಬೋರುಗಳಲ್ಲಿ ನೈಟ್ರೇಟ್ ಏರುತ್ತದೆ. ಕುದಿಸಿದರೆ ಅದು ಹೋಗುವುದಿಲ್ಲ. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಮೂಲಕ ಮಳೆಗಾಲದ ಮುಂಚೆ ಒಮ್ಮೆ, ಆಮೇಲೊಮ್ಮೆ ಮಾದರಿ ಕಳಿಸಿ ಪರೀಕ್ಷೆ ಮಾಡಿಸಿ, ಫಲಿತಾಂಶದ ಪ್ರತಿ ಕೇಳಿ ಪಡೆಯಿರಿ.

ಕೆರೆ ತುಂಬಿಸುವುದು, ಕೆರೆ ಉಳಿಸುವುದು

ಈ ನಾಲ್ಕು ತಾಲ್ಲೂಕುಗಳ ಭಾಗ್ಯವೆಂದರೆ ಕೆರೆಗಳು. ಹಿರೇಕೆರೂರು ಸೀಮೆಯ ಮಾಸೂರಿನ ಹತ್ತಿರ ಕುಮುದ್ವತಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಕಟ್ಟಿದ ಮದಗದ ಕೆರೆ ಶತಮಾನಗಳಷ್ಟು ಹಳೆಯದು. ಹಾನಗಲ್ಲಿನಲ್ಲಂತೂ ಊರಿಗೊಂದಲ್ಲ, ಕೆಲವು ಊರಿಗೆ ಮೂರು ನಾಲ್ಕು ಕೆರೆಗಳಿವೆ. ಮುಂಡಗೋಡ ತಾಲ್ಲೂಕಿನ ಮಳಗಿ ಬಳಿಯ ಧರ್ಮಾ ಜಲಾಶಯದ ನೀರು ಹಾನಗಲ್ಲಿನ ಗದ್ದೆಗಳಿಗೆ ಬರುತ್ತದೆ. ಗಾಜನೂರಿನಿಂದ ಹೊರಡುವ ತುಂಗಾ ಮೇಲ್ದಂಡೆ ಕಾಲುವೆ ಜಿಲ್ಲೆಯೊಳಗೆ ಹಾದುಹೋಗುತ್ತದೆ. ಅದು ಕರ್ನಾಟಕ ನೀರಾವರಿ ನಿಗಮದ ಕೈಯಲ್ಲಿದೆ. ಹಾನಗಲ್ಲಿನ ಬಾಳಂಬೀಡ, ಹಿರೇಕೆರೂರಿನ ಸರ್ವಜ್ಞ, ಶಿಗ್ಗಾಂವಿ ಏತ ನೀರಾವರಿ ಯೋಜನೆಗಳು ಹೊಳೆಯ ನೀರನ್ನು ಮೇಲೆತ್ತಿ ಕೆರೆಗೋ ಹೊಲಕ್ಕೋ ತಲುಪಿಸಲು ರೂಪುಗೊಂಡವು.

ಕೆರೆ ತುಂಬಿದರೆ ಕೆಳಗಿನ ಬೋರುಗಳಲ್ಲಿ ನೀರೇರುತ್ತದೆ ಎಂಬುದು ಇಲ್ಲಿನ ಯಾವ ರೈತರಿಗೂ ಹೇಳಿಕೊಡಬೇಕಾದ ಪಾಠವಲ್ಲ. ನನ್ನ ಆತಂಕ ಬೇರೆ. ಕೆರೆ ತುಂಬಿದ ವರ್ಷವೇ ಅಚ್ಚುಕಟ್ಟಿನಲ್ಲಿ ಹೊಸ ಬೋರು, ಹೊಸ ತೋಟ ಏಳುತ್ತವೆ. ನಾಲ್ಕನೇ ವರ್ಷ ಮಳೆ ಕೈಕೊಟ್ಟು ಹೊಳೆಯಲ್ಲೇ ನೀರಿಲ್ಲದಾಗ ಏತದ ಪಂಪುಗಳು ಎತ್ತುವುದೇನನ್ನು? 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಅಂಥ ವರ್ಷ ಮತ್ತೆ ಬರುತ್ತದೆ. ಆದ್ದರಿಂದ ಕೆರೆ ತುಂಬಿಸುವ ಯೋಜನೆಯ ಜೊತೆಯಲ್ಲೇ ಆ ಕೆರೆಯ ಕೆಳಗೆ ಎಷ್ಟು ಬೋರು, ಯಾವ ಬೆಳೆ ಎಂಬ ಒಪ್ಪಂದವೂ ಆಗಬೇಕು. ನೀರು ತರುವ ಇಲಾಖೆ, ಕರೆಂಟು ಕೊಡುವ ಕಂಪನಿ, ಬೆಳೆಗೆ ಸಹಾಯಧನ ಕೊಡುವ ಇಲಾಖೆ ಒಂದೇ ಮೇಜಿಗೆ ಬಾರದೆ ಇದು ಆಗದು.

ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ರಾಜ್ಯ ಉಚಿತ ವಿದ್ಯುತ್ ಕೊಡುತ್ತದೆ. ಒಣಬೇಸಾಯದ ಸಣ್ಣ ರೈತರ ಬದುಕಿಗೆ ಅದು ಬೇಕು, ಗಂಗಾ ಕಲ್ಯಾಣದಂಥ ಯೋಜನೆಯಲ್ಲಿ ಮೊದಲ ಬಾರಿ ಬೋರು ಕಂಡವರಿಗೆ ಇನ್ನೂ ಹೆಚ್ಚು ಬೇಕು. ಮೊದಲ ಬೋರಿನವರನ್ನೂ ಐದನೆಯ ಬೋರಿನವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಮಾತ್ರ ನ್ಯಾಯವಲ್ಲ. ಟ್ರಾನ್ಸ್‌ಫಾರ್ಮರ್ (ಟಿ.ಸಿ.) ಒಂದಕ್ಕೆ ಎಷ್ಟು ಪಂಪುಗಳಿವೆ ಎಂಬ ಲೆಕ್ಕ ಹೆಸ್ಕಾಂ ಬಳಿ ಇರುತ್ತದೆ. ಆ ಪಟ್ಟಿ ಮತ್ತು ವೀಕ್ಷಣಾ ಬಾವಿಯ ಮಟ್ಟ, ಎರಡನ್ನೂ ಜಿಲ್ಲಾ ಅಂತರ್ಜಲ ಸಮಿತಿ ಅಕ್ಕಪಕ್ಕ ಇಟ್ಟು ನೋಡಿದರೆ ಎಲ್ಲಿ ಕೈ ಹಿಡಿಯಬೇಕು ಎಂಬುದು ತಾನೇ ಕಾಣುತ್ತದೆ.

ಕೆರೆಯ ಬಗ್ಗೆ ಅರ್ಜಿ ಕೊಡುವವರಿಗೆ: ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಕಡಿಮೆಯಿದ್ದರೆ ಕೆರೆ ಪಂಚಾಯತ್ ರಾಜ್ ವ್ಯವಸ್ಥೆಯದು, 40ರಿಂದ 2,000 ಹೆಕ್ಟೇರ್ ಇದ್ದರೆ ಸಣ್ಣ ನೀರಾವರಿ ಇಲಾಖೆಯದು. ಇದು ತಿಳಿಯದೆ ಅಲೆದವರು ಬಹಳ. ಒತ್ತುವರಿಯಾಗಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಭೂಮಾಪನ ಇಲಾಖೆಯಿಂದ ಅಳತೆ ಕೇಳಬೇಕು. 2014ರ ಕೆರೆ ಸಂರಕ್ಷಣಾ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಸಮಿತಿಗೂ ಹೋಗಬಹುದು. ಹೂಳು ತೆಗೆಸುವಾಗ ಕೆರೆಯಂಗಳಕ್ಕಿಂತ ಮೊದಲು ನೀರು ಬರುವ ಹಳ್ಳ, ಕಾಲುವೆ ನೋಡಿ. ದಾರಿ ಕಟ್ಟಿಹೋದ ಕೆರೆಯನ್ನು ಎಷ್ಟು ಆಳ ತೋಡಿದರೂ ಅದು ಒಣ ಗುಂಡಿಯೇ.

ಸವಣೂರಿನ ಎರೆ ಹೊಲಗಳಲ್ಲಿ ನೀರು ಇಂಗುವುದು ನಿಧಾನ, ಹರಿದು ಹೋಗುವುದೇ ಹೆಚ್ಚು. ಅಲ್ಲಿ ಇಂಗುಗುಂಡಿಗಿಂತ ಬದು ಮತ್ತು ಕೃಷಿಹೊಂಡ ಲೇಸು. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆ ಇಂಥ ನೆಲಕ್ಕೆ ಹೊಂದುತ್ತದೆ. ಹೊಂಡದ ನೀರು ಒಂದೆರಡು ಸಲ ಹಾಯಿಸಿದರೂ ಮೆಣಸಿನ ಗಿಡ ಉಳಿಯುತ್ತದೆ, ಆ ಮಟ್ಟಿಗೆ ಬೋರಿನ ಮೇಲಿನ ಹೊರೆ ಇಳಿಯುತ್ತದೆ. ಮಸಾರಿ ನೆಲದಲ್ಲಿ ಬೋರಿಗೆ ಮರುಪೂರಣ ಮಾಡಿಸಬಹುದು: ಕೇಸಿಂಗ್ ಸುತ್ತ ಗುಂಡಿ ತೋಡಿ, ಪೈಪಿಗೆ ರಂಧ್ರ ಕೊರೆದು ಜಾಲರಿ ಸುತ್ತಿ, ದೊಡ್ಡ ಕಲ್ಲು, ಜಲ್ಲಿ, ಮರಳು ತುಂಬಿ ಮಳೆನೀರು ಸೋಸಿ ಇಳಿಸುವ ಕ್ರಮ. ಚರಂಡಿಯ ನೀರು, ಗೊಬ್ಬರ ಔಷಧಿ ಹೊಡೆದ ಹೊಲದ ಕೆಸರು ನೀರನ್ನು ಎಂದೂ ಬೋರಿಗೆ ಬಿಡಬೇಡಿ. ಒಮ್ಮೆ ಕೆಟ್ಟ ನೀರನ್ನು ಬಂಡೆಯಿಂದ ತೊಳೆದು ತೆಗೆಯಲು ಆಗುವುದಿಲ್ಲ.

ಕೂಡಿ ಕೆಲಸ ಮಾಡಿದ ಉದಾಹರಣೆ

ಇಲಾಖೆಗಳನ್ನು ಕೂಡಿಸುವ ಯತ್ನ ನಮ್ಮ ಜಿಲ್ಲೆಗೆ ಹೊಸದಲ್ಲ. 2001ರಲ್ಲಿ ಶುರುವಾದ ಸುಜಲ ಜಲಾನಯನ ಯೋಜನೆ ಹಾವೇರಿ, ಧಾರವಾಡ, ಚಿತ್ರದುರ್ಗ, ತುಮಕೂರು, ಕೋಲಾರ ಜಿಲ್ಲೆಗಳಲ್ಲಿ ನಡೆಯಿತು. ಜಲ ಸಂವರ್ಧನೆ ಯೋಜನಾ ಸಂಘದ ಮೂಲಕ ಕೆರೆ ಬಳಕೆದಾರರ ಸಂಘಗಳು ಹುಟ್ಟಿದ್ದೂ ಅದೇ ದಶಕದಲ್ಲಿ. ಯೋಜನೆಯ ಹಣ ಮುಗಿದ ಮೇಲೂ ಸಂಘ ಬದುಕಿರುವ ಊರುಗಳಲ್ಲಿ ಕೋಡಿ, ತೂಬು ನೋಡಿಕೊಳ್ಳುವವರಿದ್ದಾರೆ. ನಿಮ್ಮೂರಿನ ಸಂಘದ ಹಳೆಯ ಪುಸ್ತಕ ಯಾರ ಮನೆಯಲ್ಲಾದರೂ ಇದ್ದರೆ ಹುಡುಕಿ ತೆಗೆಯಿರಿ. ಹೊಸ ಸಮಿತಿ ಮಾಡುವುದಕ್ಕಿಂತ ಹಳೆಯದಕ್ಕೆ ಜೀವ ಕೊಡುವುದು ಸುಲಭ.

2019ರ ಡಿಸೆಂಬರ್ 25ರಂದು ಕೇಂದ್ರ ಸರ್ಕಾರ 6,000 ಕೋಟಿ ರೂಪಾಯಿಯ ಅಟಲ್ ಭೂಜಲ ಯೋಜನೆಯನ್ನು ಏಳು ರಾಜ್ಯಗಳಿಗಾಗಿ ಆರಂಭಿಸಿತು. ಕರ್ನಾಟಕದಲ್ಲಿ ಅದು 14 ಜಿಲ್ಲೆಗಳಿಗೆ ಬಂತು. ನೆರೆಯ ಗದಗ, ದಾವಣಗೆರೆ ಅದರಲ್ಲಿವೆ. ಗ್ರಾಮ ಪಂಚಾಯಿತಿಯೇ ನೀರಿನ ಜಮಾ ಖರ್ಚು ಬರೆದು ಜಲ ಭದ್ರತಾ ಯೋಜನೆ ಮಾಡುವುದು, ಎಲ್ಲ ಇಲಾಖೆಗಳ ಅನುದಾನ ಆ ಯೋಜನೆಯಂತೆ ಖರ್ಚಾಗುವುದು ಅದರ ತಿರುಳು. ಅವಿಭಜಿತ ಆಂಧ್ರದ ಏಳು ಬರಡು ಜಿಲ್ಲೆಗಳಲ್ಲಿ ಇನ್ನೂ ಮುಂಚೆಯೇ ರೈತರು ತಾವೇ ಬೋರಿನ ಮಟ್ಟ ಅಳೆದು, ಹಿಂಗಾರಿಗೆ ಮುನ್ನ ಸಭೆ ಸೇರಿ ಯಾವ ಬೆಳೆ ಎಂದು ನಿರ್ಧರಿಸಿದ್ದರು. ಅವರ ನೆಲವೂ ನಮ್ಮಂತೆಯೇ ಗಟ್ಟಿ ಶಿಲೆಯದು. ಅವರಿಗೆ ಸಾಧ್ಯವಾದದ್ದಕ್ಕೆ ಬೇಕಾದ ಸಾಮಾನು ಒಂದು ಅಳತೆ ಟೇಪು, ಒಂದು ವಹಿ. ನಮ್ಮೂರುಗಳು ಯೋಜನೆಗಾಗಿ ಕಾಯಬೇಕಿಲ್ಲ.

ಗ್ರಾಮಸಭೆಯೇ ಇದಕ್ಕೆ ಜಾಗ. ಸಣ್ಣ ನೀರಾವರಿ, ಕೃಷಿ, ತೋಟಗಾರಿಕೆ, ಹೆಸ್ಕಾಂ, ಕುಡಿಯುವ ನೀರು, ಎಲ್ಲರನ್ನೂ ಒಂದೇ ದಿನ ಊರೊಳಗೆ ಕೂರಿಸಿ ಕೇಳಲು ಜನಸಾಮಾನ್ಯರಿಗೆ ಇದಕ್ಕಿಂತ ಹತ್ತಿರದ ವೇದಿಕೆ ಇಲ್ಲ. ಮುಂದಿನ ಗ್ರಾಮಸಭೆಯ ನೋಟಿಸ್ ಬಂದ ಕೂಡಲೇ ಪಂಚಾಯಿತಿಗೆ ಹೋಗಿ ಮೂರು ವಿಷಯಗಳನ್ನು ಕಾರ್ಯಸೂಚಿಗೆ ಸೇರಿಸಿ ಎಂದು ಬರೆದು ಕೊಡಿ: ಹತ್ತಿರದ ವೀಕ್ಷಣಾ ಬಾವಿಯ ಮಟ್ಟವನ್ನು ಸಭೆಯಲ್ಲಿ ಓದಬೇಕು, ಕುಡಿಯುವ ನೀರಿನ ಬೋರುಗಳ 500 ಮೀಟರ್ ನಕ್ಷೆ ಮಂಡಿಸಬೇಕು, ಮುಚ್ಚದ ಬೋರುಗಳ ಪಟ್ಟಿ ಮಾಡಬೇಕು. ಸ್ವೀಕೃತಿಯ ಸಹಿ ಪಡೆಯುವುದನ್ನು ಮರೆಯಬೇಡಿ.